ಇದ್ದಲ್ಲೇ ಇರುವ ಕೆಂಪು ಚುಕ್ಕಿ

ಕಾಲು ಮುರಿದುಕೊಂಡಿರದಿದ್ದರೆ ನಾನು ಈ ಜನ್ಮದಲ್ಲಿ ವಿಡಿಯೊ ಗೇಮ್ ಮುಟ್ಟುತ್ತಿರಲಿಲ್ಲ. ಬಸವನ ಬಾಗೇವಾಡಿಯ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳು ನಾನು. ಹಿಂದಿನ ಬೆಂಚಿನವರ ಮೊಬೈಲು ಕಸಿದುಕೊಂಡು ಡ್ರಾವರಿನಲ್ಲಿಟ್ಟು ಕೀಲಿ ಹಾಕುವುದರಲ್ಲಿ ನನಗೆ ಹೆಸರಿದೆ. ಅಂಥ ನನ್ನನ್ನು ನಮ್ಮ ಓಣಿಯ ತಿರುವಿನಲ್ಲಿ ಯಾರೋ ಕೇಳದೆ ಹೇಳದೆ ಕಟ್ಟಿದ ಒಂದು ರೋಡ್ ಹಂಪು ಸ್ಕೂಟರಿನಿಂದ ಎತ್ತಿ ಒಗೆಯಿತು. ಬಲಗಾಲಿಗೆ ಮೊಣಕಾಲ ತನಕ ಪ್ಲಾಸ್ಟರ್ ಬಿತ್ತು. ಹಂಪು ಇನ್ನೂ ಅಲ್ಲೇ ಇದೆ.

ಮನೆಯಲ್ಲಿ ಆಗ ಇದ್ದವರು ಮೂವರು: ನಾನು, ಗೊಬ್ಬರ-ಬೀಜದ ಅಂಗಡಿ ಇಟ್ಟಿರುವ ನನ್ನ ಗಂಡ, ಮುದ್ದೇಬಿಹಾಳ ಕಡೆಯ ನನ್ನ ಅತ್ತೆ. ಮಗಳು ವಿಜಯಪುರದಲ್ಲಿ ಓದುತ್ತಾಳೆ, ಶನಿವಾರ ಬಂದು ಭಾನುವಾರ ಹೋಗುತ್ತಾಳೆ. ಕಾಲು ಚಾಚಿ ಮಂಚದ ಮೇಲೆ ಕೂತ ಮೇಲೆ ನನಗೆ ಮಾಡಲು ಉಳಿದದ್ದು ಒಂದೇ ಕೆಲಸ, ಹೇಳುವುದು. ಸಾರಿಗೆ ಎಷ್ಟು ಉಪ್ಪು, ಕಿಟಕಿ ಎಷ್ಟು ತೆರೆಯಬೇಕು, ಯಾವ ಅಂಗಿಯ ಮೇಲೆ ಯಾವ ಪ್ಯಾಂಟು. ಗಂಡ ಅಂಗಡಿಗೆ ಬೇಗ ಹೋಗಿ ತಡವಾಗಿ ಬರತೊಡಗಿದರು. ಅತ್ತೆ ಕಿವಿ ಕೇಳಿಸದವರ ಹಾಗೆ ಇರತೊಡಗಿದರು. ಅವರ ಕಿವಿ ನನ್ನದಕ್ಕಿಂತ ಚುರುಕು ಎನ್ನುವುದು ಮನೆಗೆಲ್ಲ ಗೊತ್ತಿರುವ ಸಂಗತಿ.

ಒಂದು ಶನಿವಾರ ಮಗಳು ಬಂದು ಹಾಸಿಗೆಯ ಮೇಲೆ ತನ್ನ ಹಳೆಯ ಲ್ಯಾಪ್‌ಟಾಪ್ ಇಟ್ಟಳು.

"ಅವ್ವಾ, ನೀ ಅಪ್ಪನ ಮ್ಯಾಲ, ಆಯಿ ಮ್ಯಾಲ ಹುಕುಂ ಮಾಡೂದು ಸಾಕು. ಇದರ ಮ್ಯಾಲ ಮಾಡು" ಎಂದಳು.

ಅದೊಂದು ಆಟ. ಆಡುವವರು ಒಂದು ಊರಿನ ತುರ್ತು ಕಂಟ್ರೋಲ್ ರೂಮಿನಲ್ಲಿ ಕೂತಿರುತ್ತಾರೆ. ಪರದೆಯ ತುಂಬ ಊರಿನ ನಕ್ಷೆ. ಫೋನು ಬರುತ್ತದೆ, ಎಲ್ಲಿ, ಏನಾಗಿದೆ ಎಂದು ಕೇಳಬೇಕು. ನಕ್ಷೆಯ ಮೇಲೆ ಅಲ್ಲೊಂದು ಕೆಂಪು ಚುಕ್ಕಿ ಮಿನುಗುತ್ತದೆ. ಆಂಬುಲೆನ್ಸ್ ಬೇಕೋ, ಬೆಂಕಿ ಆರಿಸುವ ಗಾಡಿ ಬೇಕೋ, ಪೊಲೀಸರು ಬೇಕೋ ನೋಡಿ ಹತ್ತಿರದ್ದನ್ನು ಕಳಿಸಬೇಕು. ಗಾಡಿ ಸಣ್ಣ ನೀಲಿ ಚೌಕವಾಗಿ ರಸ್ತೆಯ ಗೆರೆಯ ಮೇಲೆ ಹರಿದು ಹೋಗುತ್ತದೆ. ಬೇಗ ಮುಟ್ಟಿದರೆ ಜೀವ ಉಳಿಯಿತು. ತಡವಾದರೆ ಚುಕ್ಕಿ ಬೂದು ಬಣ್ಣಕ್ಕೆ ತಿರುಗಿ ನಮ್ಮ ಅಂಕ ಇಳಿಯುತ್ತದೆ.

ಮೊದಲು ಯಾವುದೋ ಪರದೇಶದ ಊರು ಇತ್ತು. ಆ ಊರಿನವರು ಬದುಕಿದರೂ ಸತ್ತರೂ ನನಗೇನೂ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಆಟ ಮುಚ್ಚಿ ಇಡುವವಳಿದ್ದೆ. ಆಗ ಮಗಳು ಒಂದು ಮೂಲೆಯಲ್ಲಿದ್ದ ಬಟನ್ ತೋರಿಸಿದಳು. ಜಗತ್ತಿನ ಯಾವ ಊರಿನ ಹೆಸರು ಹೊಡೆದರೂ ಅದರ ನಕ್ಷೆ ಇಳಿದು ಬರುತ್ತದಂತೆ. ನಾನು ನಂಬಲಿಲ್ಲ. ಇಂಡಿ ಎಂದು ಹೊಡೆದೆ. ಇಂಡಿ ನನ್ನ ತವರು ತಾಲೂಕು.

ಬಂತು. ಸ್ಟೇಷನ್ ರಸ್ತೆ, ಬಸ್ ಸ್ಟ್ಯಾಂಡು, ಲಚ್ಯಾಣಕ್ಕೆ ಹೋಗುವ ದಾರಿ, ರೈಲಿನ ಹಳಿ, ನಮ್ಮ ಕೆನಾಲು. ಲಚ್ಯಾಣ ದಾಟಿ ಒಂದಿಷ್ಟು ಆಚೆ ನಮ್ಮ ನಿಂಬೆ ತೋಟ ಇರಬೇಕಾದ ಜಾಗದಲ್ಲಿ ಮಾತ್ರ ಖಾಲಿ ಹಸಿರು ಬಣ್ಣ. ತೋಟದಲ್ಲೇ ಮನೆ ಕಟ್ಟಿಕೊಂಡು ಇರುವುದಕ್ಕೆ ನಮ್ಮ ಕಡೆ ವಸ್ತಿ ಎನ್ನುತ್ತೇವೆ. ಅಣ್ಣ, ವೈನಿ ಎಂದು ನಾವು ಕರೆಯುವ ಅತ್ತಿಗೆ, ಅವರ ಮಗ ಇರುವುದು ಅಂಥ ವಸ್ತಿಯಲ್ಲೇ. ಅಲ್ಲಿಗೆ ಹೋಗುವ ಎರಡು ದಾರಿಗಳಲ್ಲಿ ಒಂದೂ ನಕ್ಷೆಯಲ್ಲಿ ಇರಲಿಲ್ಲ. ನಾನು ಹುಟ್ಟಿದ ಮನೆ ಅದು, ಸಿಟ್ಟು ಬಂತು.

ಆಮೇಲೆ ನನ್ನನ್ನು ಹಿಡಿಯುವವರು ಇರಲಿಲ್ಲ. ಇಂಡಿ ಆಯಿತು, ಸಿಂದಗಿ ಆಯಿತು, ಬಾಗೇವಾಡಿ ಆಯಿತು. ಆದರೆ ನಕ್ಷೆ ನಮ್ಮದಾದರೂ ಫೋನು ಮಾಡುವವರು ನಮ್ಮವರಾಗಿರಲಿಲ್ಲ. ಇಂಡಿಯ ಸ್ಟೇಷನ್ ರಸ್ತೆಯಿಂದ ಒಬ್ಬಳು ಹಿಮದಲ್ಲಿ ಕಾರು ಹೂತುಹೋಯಿತೆಂದು ಇಂಗ್ಲಿಷಿನಲ್ಲಿ ಅಳುತ್ತಿದ್ದಳು. ಸಿಂದಗಿಯಲ್ಲಿ ಒಬ್ಬನ ಮನೆಯ ಕಸದ ಡಬ್ಬಿಗೆ ಕರಡಿ ಬಾಯಿ ಹಾಕಿತ್ತು.

"ಸಿಂದಗ್ಯಾಗ ಕರಡಿ ಎಲ್ಲಿಂದ ಬಂತವಾ?" ಎಂದು ಅತ್ತೆ ಬಾಗಿಲಲ್ಲಿ ನಿಂತೇ ಕೇಳಿದರು. ಕೇಳಿಸದ ಕಿವಿ ಆವತ್ತು ತೆರೆಯಿತು.

ಮರುದಿನದಿಂದ ಅವರೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಇಂಗ್ಲಿಷ್ ಬರದಿದ್ದರೂ ಫೋನು ಮಾಡಿದವರ ದನಿ ಕೇಳಿ ಇದು ಖರೆ, ಇದು ನಾಟಕ ಎಂದು ಹೇಳುತ್ತಿದ್ದರು, ಬಹಳ ಸಲ ಸರಿಯಾಗಿಯೇ ಇರುತ್ತಿತ್ತು. ಅವರದು ಒಂದೇ ತಕರಾರು, ಮುದ್ದೇಬಿಹಾಳ ಯಾಕಿಲ್ಲ ಎಂದು. ಅದನ್ನೂ ಇಳಿಸಿಕೊಂಡೆ. "ನಮ್ಮ ಊರಾಗ ಎರಡು ಗಾಡಿ ಇಡು, ಮಂದಿ ಭಾಳ ಅದಾರ" ಎಂದರು. ಒಂದೇ ಕೊಡುತ್ತೇನೆ ಎಂದೆ. ಆ ಮಧ್ಯಾಹ್ನ ಅವರು ನನಗೆ ಚಹಾ ಮಾಡಿಕೊಡಲಿಲ್ಲ. ಸಂಜೆ ಎರಡನೆಯ ಗಾಡಿ ಮಂಜೂರು ಮಾಡಿದೆ. ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ, ಆದರೆ ಅದರಲ್ಲಿ ಚಹಾದ ಮಾತು ಬರುವುದಿಲ್ಲ.

ಆಡುತ್ತ ಆಡುತ್ತ ನಾನು ಒಂದು ವಿಷಯ ಗಮನಿಸಿದೆ. ಆಟದಲ್ಲಿ ಕೆಂಪು ಚುಕ್ಕಿ ಎಲ್ಲಿ ಬಿತ್ತೋ ಅಲ್ಲೇ ಇರುತ್ತದೆ. ಗಾಡಿ ಬರುವ ತನಕ ಆ ಜನ ಅಲ್ಲಾಡುವುದಿಲ್ಲ. ಫೋನಿನಲ್ಲಿ ಎಷ್ಟೇ ಅತ್ತರೂ ಕರೆದರೂ ರೋಗಿಯ ಪಕ್ಕ ಕೂತೇ ಇರುತ್ತಾರೆ. ಇದನ್ನು ನೋಡಿದಾಗ ನನಗೆ ಮೊದಲು ನಗು ಬಂತು, ಇವರು ನಮ್ಮ ಕಡೆಯವರಲ್ಲ ಎಂದು. ಆಮೇಲೆ ಅಪ್ಪ ನೆನಪಾದರು. ಆವತ್ತು ಆಟ ಮುಂದುವರಿಸಲು ಆಗಲಿಲ್ಲ.

ನಮ್ಮ ಕಡೆ ಯಾರನ್ನಾದರೂ ಕರೆಸಿದರೆ ಮನೆಯಲ್ಲಿ ಕೂತು ಕಾಯುವ ಪದ್ಧತಿಯೇ ಇಲ್ಲ. ಬೀಗರು ಬಂದರೆ ಡಾಂಬರು ರಸ್ತೆಯ ತನಕ ಒಬ್ಬರು ಎದುರು ಹೋಗುತ್ತಾರೆ. ಕರೆಂಟಿನವನಿಗೂ ಎದುರು ಹೋಗುತ್ತೇವೆ, ದನದ ಡಾಕ್ಟರಿಗೂ ಹೋಗುತ್ತೇವೆ. ಕೂತು ಕಾಯುವುದೆಂದರೆ ಸೊಕ್ಕು ಮಾಡಿದಂತೆ. ಹಾಗಾಗಿ ಮನೆಯಲ್ಲಿ ಜೀವಕ್ಕೆ ಬಂದಾಗ ಆಂಬುಲೆನ್ಸಿಗೆ ಫೋನು ಮಾಡಿಯೂ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ. ನಾಲ್ಕು ಜನ ಸೇರಿ ಇದ್ದ ಗಾಡಿಯಲ್ಲಿ ಗಾದಿ ಹಾಸಿ, ರೋಗಿಯನ್ನು ಮಲಗಿಸಿಕೊಂಡು, "ಎದುರು ಹೋಗೂನು ನಡೀರಿ" ಎಂದು ಹೊರಟುಬಿಡುತ್ತಾರೆ. ಒಂದೇ ದಾರಿ ಇದ್ದರೆ ಅದರಿಂದ ಒಳ್ಳೆಯದೇ ಆಗುತ್ತದೆ. ನಮ್ಮ ವಸ್ತಿಗೆ ದಾರಿ ಎರಡು.

ಅಪ್ಪ ಹೋದದ್ದು ಜೋಳದ ರಾಶಿಯ ಕಾಲದಲ್ಲಿ. ಊಟ ಮಾಡಿ ಎದ್ದವರು ಕಣದ ಅಂಚಿಗೆ ಹೋಗಿ ಎದೆ ಹಿಡಿದು ಕೂತರು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿ, ಕೆನಾಲ್ ದಂಡೆಗುಂಟ ಬರಬೇಕೆಂದು ಹೇಳಿದರು. ಅಷ್ಟರಲ್ಲಿ ಬಾಜೂ ಹೊಲದವರು ಕೂಡಿದರು. ಟ್ರಾಲಿಗೆ ಗಾದಿ ಹಾಸಿದರು. ಅಣ್ಣ ಟ್ರ್ಯಾಕ್ಟರ್ ಹತ್ತಿ, ಬೇಗ ಡಾಂಬರು ಮುಟ್ಟುತ್ತದೆಂದು ಹಳೆಯ ಬಂಡಿ ಹಾದಿ ಹಿಡಿದ. ಆಂಬುಲೆನ್ಸ್ ಕೆನಾಲ್ ದಂಡೆಯ ಮೇಲೆ ಬಂದು ಮನೆಯ ಮುಂದೆ ನಿಂತಾಗ ಅಲ್ಲಿ ಅವ್ವ, ವೈನಿ ಇಬ್ಬರೇ ಇದ್ದರು. ಅವ್ವ ದೂರದ ಧೂಳಿನ ಕಡೆ ಕೈ ಮಾಡಿದಳು. ಗಾಡಿ ಹೊರಳಿ ಡಾಂಬರಿಗೆ ಹೋಗಿ ಟ್ರ್ಯಾಕ್ಟರನ್ನು ಹುಡುಕಿ ಮುಟ್ಟುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತು.

ನಾನು ಅಪ್ಪನ ಮಣ್ಣಿಗೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ಆಯುಷ್ಯ ಅಷ್ಟೇ ಇತ್ತು ಎಂದು. ಗಾಡಿಗಳು ಬೇರೆ ಬೇರೆ ದಾರಿಯಲ್ಲಿ ಹಾದುಹೋದ ಸಂಗತಿ ನನಗೆ ಬಹಳ ದಿನಗಳ ಮೇಲೆ ಅವ್ವ ಹೇಳಿದ್ದು, ಅದೂ ಕಾಳು ಹಸನು ಮಾಡುತ್ತ, ತಲೆ ಎತ್ತದೆ. ಈಗ ಅವ್ವನೂ ಇಲ್ಲ. ಅಣ್ಣ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಆ ಟ್ರ್ಯಾಕ್ಟರನ್ನು ಮಾತ್ರ ಆ ವರ್ಷವೇ ಮಾರಿದ. ಒಳ್ಳೆಯ ಟ್ರ್ಯಾಕ್ಟರ್, ಯಾಕೆ ಮಾರಿದೆ ಎಂದು ಊರವರು ಕೇಳಿದರೆ ಎಂಜಿನ್ ಸದ್ದು ಸರಿಯಿಲ್ಲ ಎನ್ನುತ್ತಿದ್ದ.

ನಾನು ಇಷ್ಟೆಲ್ಲ ನೆನೆಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅಣ್ಣನಿಗೂ ಅಪ್ಪನ ಎದೆಯೇ ಬಂದಿದೆಯೇನೋ ಎಂಬ ಭಯ ವೈನಿಗೆ ಹತ್ತಿತ್ತು. ನಿಂಬೆಹಣ್ಣಿನ ಚೀಲ ಎತ್ತಿದರೆ ಬೆವರುತ್ತಾನೆ, ಎಡಗೈ ಜೋಮು ಹಿಡಿಯುತ್ತದೆ ಎಂದು ಫೋನಿನಲ್ಲಿ ಹೇಳಿದ್ದಳು. ಇಂಡಿಯ ಡಾಕ್ಟರು ವಿಜಯಪುರಕ್ಕೆ ಹೋಗಿ ತೋರಿಸಿ ಎಂದಿದ್ದರು. ಈತ ಹಣ್ಣಿನ ಕಾಲ ಮುಗಿಯಲಿ ಎನ್ನುತ್ತಿದ್ದ. ನಿಂಬೆಗೆ ವರ್ಷಪೂರ್ತಿ ಏನಾದರೊಂದು ಕಾಲ ಇದ್ದೇ ಇರುತ್ತದೆ.

ನಾನು ಫೋನು ಮಾಡಿದೆ. ಅಣ್ಣನಿಗೆ ನನ್ನ ಆಟದ ಸುದ್ದಿ ಮಗಳಿಂದ ಮುಟ್ಟಿತ್ತು.

"ಏನವಾ ಕಂಟ್ರೋಲ್ ರೂಮು, ಎಷ್ಟು ಮಂದೀನ ಉಳಸಿದಿ ಇವತ್ತ?" ಎಂದ.

"ನಿನ್ನ ಉಳಸೂದು ಬಾಕಿ ಐತಿ. ವಿಜಯಪುರಕ್ಕ ಯಾವಾಗ ಹೊಂಟಿ?"

"ಹೋಗ್ತೇನಿ ತಗೋ."

"ಅಲ್ಲೀತನಕ ಏನರ ಆದ್ರ ಆಂಬುಲೆನ್ಸಿಗೆ ಫೋನ್ ಮಾಡಿ ಮನ್ಯಾಗ ಕುಂದರ್ರಿ. ಗಾಡ್ಯಾಗ ಹಾಕ್ಕೊಂಡು ಎದುರು ಹೊಂಡಬ್ಯಾಡ್ರಿ."

"ಹೂಂ, ಆಟದಾಗ ಹಂಗ ಇರತೈತೇನು?" ಎಂದು ನಕ್ಕ.

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. "ಅಪ್ಪಂದು ಏನಾತು ಮರತೀಯೇನು?" ಎಂದುಬಿಟ್ಟೆ.

ಅವನ ನಗು ನಿಂತಿತು. ಗಿಡದಲ್ಲಿ ಗುಬ್ಬಿ ಕೂಗುವುದು ಕೇಳುತ್ತಿತ್ತು. "ಸತ್ತವರ ಮಾತು ಈಗ ಯಾಕ ತಗೀತಿ" ಎಂದು ಹೇಳಿ ಇಟ್ಟುಬಿಟ್ಟ. ಅದಾದ ಮೇಲೆ ವಾರಗಟ್ಟಲೆ ಅವನ ಫೋನಿಲ್ಲ. ನಾನೂ ಮಾಡಲಿಲ್ಲ. ನಾವು ಒಂದೇ ಅಪ್ಪನ ಮಕ್ಕಳು, ಮೊಂಡುತನದಲ್ಲಿ ಯಾರೂ ಕಡಿಮೆ ಇಲ್ಲ. ಅಣ್ಣನ ಮಗನಿಗೆ ಮಾತ್ರ ಅದೇ ಮಾತನ್ನು ಬೇರೆಯಾಗಿ ಹೇಳಿದೆ. ತೋಟದ ಕೆಲಸವೆಲ್ಲ ನೋಡಿಕೊಳ್ಳುವ ಗಟ್ಟಿ ಆಳು ಅವನು, ಮದುವೆಗೆ ಹೆಣ್ಣು ನೋಡುತ್ತಿದ್ದರು. "ಹೂಂ ಅತ್ತಿ, ಹೂಂ ಅತ್ತಿ" ಎಂದ. ಅತ್ತೆಯರಿಗೆ ಹೇಳುವ ಹೂಂ ಎಂಥದೆಂದು ನಾನೂ ಬಲ್ಲೆ.

ನಾನು ಹೆದರುತ್ತಿದ್ದ ಫೋನು ಬಂದದ್ದು ಒಂದು ಬೆಳಿಗ್ಗೆ, ನಾಷ್ಟಾ ಮುಗಿದ ಹೊತ್ತಿಗೆ. ಗಂಡ ಅಂಗಡಿಗೆ ಹೋಗಿದ್ದರು. ನಾನು ಸಿಂದಗಿ ತೆರೆದುಕೊಂಡು ಆಲಮೇಲದ ರಸ್ತೆಯಲ್ಲಿ ಒಂದು ಬೆಂಕಿ ಆರಿಸುತ್ತಿದ್ದೆ. ಪಕ್ಕದಲ್ಲಿ ಅತ್ತೆ ಶೇಂಗಾ ಸುಲಿಯುತ್ತಿದ್ದರು. ಫೋನು ಹೊಡೆದುಕೊಂಡಿತು, ಅಣ್ಣನ ಮಗ.

"ಅತ್ತಿ, ಅಪ್ಪಗ ಎದಿ ಹಿಡದೈತಿ. ಹಣ್ಣು ಹರಿಯಾಕತ್ತಿದ್ದ, ಗಿಡದ ಬುಡಕ್ಕ ಕುಂತುಬಿಟ್ಟ."

"ಆಂಬುಲೆನ್ಸಿಗೆ ಮಾಡಿದೀ?"

"ಮಾಡೇನಿ. ಇಂಡಿ ಬಿಟ್ಟಾರಂತ. ಡ್ರೈವರ್ ಮಾತಾಡಿದ, ದಾರಿ ಹೇಳೇನಿ."

"ಶಾಣ್ಯಾ. ಅಪ್ಪನ ಅಲ್ಲೇ ಮಲಗಸು" ಎನ್ನುವಷ್ಟರಲ್ಲಿ ನನಗೆ ಗಾಡಿಯ ಸದ್ದು ಕೇಳಿಸಿತು. ಗೇರ್ ಬದಲಿಸುವ ಸದ್ದು.

"ಎಲ್ಲಿದೀರಿ ನೀವು?"

"ಪಿಕಪ್‌ನ್ಯಾಗ ಹಾಕ್ಕೊಂಡೇವಿ. ಎದುರು ಹೊಂಟೇವಿ ಅತ್ತಿ."

ನಿಂಬೆಹಣ್ಣು ಸಾಗಿಸುವ ಪಿಕಪ್ಪು ಅದು, ಹಿಂದೆ ತೆರೆದ ಗಾಡಿ. ಅತ್ತೆ ಶೇಂಗಾ ಬಿಟ್ಟು ನನ್ನ ಮುಖ ನೋಡುತ್ತಿದ್ದರು.

"ಡ್ರೈವರಗ ಯಾವ ದಾರಿ ಹೇಳಿದಿ?"

"ಕೆನಾಲ್ ದಂಡಿ."

"ನೀವು ಯಾವ ದಾರಿ ಹಿಡದೀರಿ?"

"ಹಳೇ ಹಾದಿ. ಕೆನಾಲ್ ಮ್ಯಾಲ ತಗ್ಗು ಬಿದ್ದಾವ, ಭಾಳ ಕುಕ್ಕತೈತಿ. ಅಪ್ಪಗ ತ್ರಾಸ್ ಆಗಬಾರದಂತ."

ಅಪ್ಪನ ಮೇಲಿನ ಪ್ರೀತಿಯಿಂದಲೇ ಅವನು ಆ ದಾರಿ ಹಿಡಿದಿದ್ದ. ಅಣ್ಣನೂ ಆವತ್ತು ಹಾಗೆಯೇ ಹಿಡಿದಿದ್ದ. ಬೈಯಲು ನನಗೆ ಬಾಯಿ ಬರಲಿಲ್ಲ, ಬೈದುಕೊಂಡು ಕೂರಲು ಹೊತ್ತೂ ಇರಲಿಲ್ಲ.

"ಡ್ರೈವರಗ ಫೋನ್ ಹಚ್ಚಿ ಹೇಳು."

"ಹತ್ತವಲ್ದು. ಕೆನಾಲ್ ಕಡೆ ಸಿಗ್ನಲ್ ಇರೂದಿಲ್ಲಲಾ."

ನಿಜ, ಇರುವುದಿಲ್ಲ. ನನ್ನ ತವರಿನ ಯಾವ ಬದುವಿನ ಮೇಲೆ ನಿಂತರೆ ಫೋನು ಹತ್ತುತ್ತದೆ, ಎಲ್ಲಿ ಹತ್ತುವುದಿಲ್ಲ ಎನ್ನುವುದು ನನಗೆ ಬಾಯಿಪಾಠ. ಮುಂದಿನ ಪರದೆಯ ಮೇಲೆ ಸಿಂದಗಿ ಇತ್ತು, ಆದರೆ ನನ್ನ ಕಣ್ಣಿಗೆ ಕಂಡದ್ದು ಖಾಲಿ ಹಸಿರು ಬಣ್ಣ ಮತ್ತು ಅದರಲ್ಲಿ ಇಲ್ಲದ ಎರಡು ದಾರಿಗಳು. ಒಂದರ ಮೇಲೆ ಆಂಬುಲೆನ್ಸ್ ಮನೆಯ ಕಡೆ ಬರುತ್ತಿದೆ. ಇನ್ನೊಂದರ ಮೇಲೆ ಅಣ್ಣ ಮನೆಯಿಂದ ದೂರ ಹೋಗುತ್ತಿದ್ದಾನೆ.

"ಗಾಡಿ ನಿಂದ್ರಸು" ಎಂದೆ. "ಹೊಳ್ಳಿ ಮನಿಗೆ ಹೋಗು."

ಫೋನು ಸ್ಪೀಕರ್‌ನಲ್ಲಿ ಇತ್ತೆಂದು ಕಾಣುತ್ತದೆ. ವೈನಿ ಹಿಂದೆ ಅಣ್ಣನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳಂತೆ. ಅವಳು ಗಾಡಿಯ ಹಿಂದಿನ ಕಿಂಡಿಯಿಂದಲೇ ಚೀರಿದಳು.

"ಜೀವಂತ ಇದ್ದವನ್ನ ಹೊಳ್ಳಸಿಕೊಂಡು ಮನಿಗೆ ಹೋಗೂದೇನು? ಏನು ಬಾಯಿ ಇದು ನಿಂದು?"

ಇದನ್ನು ನಮ್ಮ ಕಡೆಯವರಲ್ಲದವರಿಗೆ ಬಿಡಿಸಿ ಹೇಳಬೇಕು. ರೋಗಿಯನ್ನು ಹಾಕಿಕೊಂಡು ಹೊರಟ ಗಾಡಿ ದವಾಖಾನೆ ಮುಟ್ಟದೆ ಮನೆಯ ಕಡೆ ತಿರುಗಿತೆಂದರೆ ಒಂದೇ ಅರ್ಥ. ಅದನ್ನು ಕಂಡವರು ದಾರಿಯಲ್ಲೇ ಟೋಪಿ ತೆಗೆಯುತ್ತಾರೆ. ಹೆಂಗಸರು ಸೆರಗು ಬಾಯಿಗೆ ಒತ್ತುತ್ತಾರೆ. ಅಪ್ಪನ ಟ್ರಾಲಿ ಹಾಗೆಯೇ ತಿರುಗಿ ಬಂದಿತ್ತು. ವೈನಿ ಆಗ ಬಾಗಿಲಲ್ಲಿ ನಿಂತು ನೋಡಿದವಳು.

"ವೈನಿ, ಆಂಬುಲೆನ್ಸ್ ಮನಿಗೆ ಬರಾಕತ್ತೈತಿ. ನೀವು ಅದರಿಂದ ದೂರ ಹೊಂಟೀರಿ. ಡಾಂಬರ ಮುಟ್ಟಿದ್ರೂ ಅಲ್ಲಿ ಯಾರೂ ಇರೂದಿಲ್ಲ."

"ಇದು ನಿನ್ನ ಆಟ ಅಲ್ಲ ತಂಗಿ" ಎಂದಳು ವೈನಿ. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಅಳು ಇತ್ತು. ಗಾಡಿಯ ಸದ್ದು ಹಾಗೇ ಮುಂದುವರಿದಿತ್ತು. ಅಣ್ಣನ ಮಗ ನಿಲ್ಲಿಸುತ್ತಿರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅವ್ವನ ಅಳು ಬಿಟ್ಟು ಫೋನಿನಲ್ಲಿರುವ ಅತ್ತೆಯ ಮಾತು ಕೇಳುತ್ತಿರಲಿಲ್ಲ.

ಆಟದಲ್ಲಿ ಇಂಥದಕ್ಕೆ ಬಟನ್ ಇಲ್ಲ. ನಾನು ಕೈಯಲ್ಲಿ ಫೋನು ಹಿಡಿದುಕೊಂಡು, ಮುರಿದ ಕಾಲು ಚಾಚಿಕೊಂಡು ಸುಮ್ಮನೆ ಕೂತಿದ್ದೆ. ಅಷ್ಟು ಅಸಹಾಯಕಳಾಗಿ ನಾನು ಎಂದೂ ಕೂತಿರಲಿಲ್ಲ.

ಆಗ ಅದೇ ಕಿಂಡಿಯಿಂದ ಅಣ್ಣನ ದನಿ ಕೇಳಿಸಿತು. ಉಸಿರು ಸಾಲದ, ತುಂಡು ತುಂಡಾದ ದನಿ.

"ನಿಂದ್ರಸೋ. ಆಕಿ ಹೇಳಿದಂಗ ಮಾಡು."

"ಅಪ್ಪಾ, ಸುಮ್ನ ಮಲ್ಕೋ ನೀ."

"ಹೊಳ್ಳಸು ಅಂದೇನಿ. ನಾ ಇದ ಹಾದ್ಯಾಗ ನಮ್ಮಪ್ಪನ ಕಳಕೊಂಡೇನಿ."

ಎಂಜಿನ್ ಸದ್ದು ತಗ್ಗಿತು. ಗಾಡಿ ನಿಂತಿತು. ಹಿಂದೆ ಮುಂದೆ ಮಾಡಿ ತಿರುಗಿಸುವ ಸದ್ದು ಬಂತು. ಕಿರಿದಾದ ಹಾದಿ, ಎರಡೂ ಕಡೆ ಬೇಲಿ. ವೈನಿ ಅಳುವುದನ್ನು ನಿಲ್ಲಿಸಿದ್ದಳು. ಫೋನು ಕಟ್ಟಾಯಿತು.

ನಾನು ಮತ್ತೆ ಹಚ್ಚಿದೆ, ಹತ್ತಲಿಲ್ಲ. ಅತ್ತೆ ಎದ್ದು ಬಂದು ಮಂಚದ ಮೇಲೆ ನನ್ನ ಪಕ್ಕ ಕೂತು ನನ್ನ ಕೈ ಹಿಡಿದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ನನ್ನ ಕೈ ಹಿಡಿದದ್ದು ನನಗೆ ನೆನಪಿಲ್ಲ. ಆಟದಲ್ಲಿ ಆಲಮೇಲದ ಬೆಂಕಿ ಆರದೆ ಉರಿಯುತ್ತಿತ್ತು. ಅವರೇ ಕೈ ಚಾಚಿ ಲ್ಯಾಪ್‌ಟಾಪ್ ಮುಚ್ಚಿದರು.

ಆಮೇಲೆ ಆದದ್ದನ್ನು ಅಣ್ಣನ ಮಗ ಹೇಳಿದ್ದು. ಪಿಕಪ್ಪು ತಿರುಗಿ ಬರುವುದನ್ನು ಕಂಡು ಬಾಜೂ ಹೊಲದ ಹಿರಿಯರೊಬ್ಬರು ಟೋಪಿ ತೆಗೆದು ಬೇಲಿಗೆ ಒರಗಿ ನಿಂತರಂತೆ. ಅಣ್ಣ ಮಲಗಿದಲ್ಲಿಂದಲೇ ಅವರಿಗೆ ಕೈ ಎತ್ತಿ ತೋರಿಸಿದನಂತೆ. ಪಿಕಪ್ಪು ಅಂಗಳಕ್ಕೆ ಬಂದಾಗ ಆಂಬುಲೆನ್ಸ್ ಆಗಷ್ಟೇ ಬಂದು ನಿಂತಿತ್ತು. ಮನೆಯಲ್ಲಿ ಯಾರೂ ಇಲ್ಲವೆಂದು ಡ್ರೈವರ್ ಕೆಳಗಿಳಿದು ಕೂಗುತ್ತಿದ್ದನಂತೆ. ಆಂಬುಲೆನ್ಸಿನವರು ಮಾತ್ರೆ ಕೊಟ್ಟು, ಮೂಗಿಗೆ ಆಮ್ಲಜನಕ ಹಚ್ಚಿ, ಇಂಡಿಗೆ ಒಯ್ದರು. ಅಲ್ಲಿಂದ ವಿಜಯಪುರ. ಸಂಜೆಯ ಹೊತ್ತಿಗೆ ಎದೆಯ ನಾಳಕ್ಕೆ ಸ್ಟೆಂಟ್ ಹಾಕಿ ಮುಗಿಸಿದ್ದರು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಡಾಕ್ಟರು ಎಲ್ಲರಿಗೂ ಹಾಗೆ ಹೇಳುತ್ತಾರೆ ಎಂದು ನನ್ನ ಗಂಡ ಅಂದರು. ಇರಬಹುದು. ಆವತ್ತು ಅಂಗಡಿ ಮುಚ್ಚಿ ವಿಜಯಪುರಕ್ಕೆ ಮೊದಲು ಓಡಿದವರೂ ಅವರೇ.

ನನ್ನ ಆಟ ಅಣ್ಣನನ್ನು ಉಳಿಸಿತು ಎಂದು ಮಗಳು ತನ್ನ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದಳು. ನನಗೆ ಹಾಗೆ ಅನ್ನಿಸುವುದಿಲ್ಲ. ನಾನು ಹೇಳಿದ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಅಣ್ಣ ಅಷ್ಟು ವರ್ಷ ನುಂಗಿಕೊಂಡಿದ್ದ ಒಂದು ಮಾತನ್ನು ಹೊರಗೆ ಹಾಕಿದ, ಆಗ ಗಾಡಿ ತಿರುಗಿತು.

ನನ್ನ ಪ್ಲಾಸ್ಟರ್ ಬಿಚ್ಚಿದರು. ಅಣ್ಣನನ್ನು ವಿಜಯಪುರಕ್ಕೆ ಮತ್ತೆ ತೋರಿಸಲು ಕರೆತಂದಾಗ, ನಾಲ್ಕು ದಿನ ಇದ್ದು ಹೋಗಲಿ ಎಂದು ನಮ್ಮ ಮನೆಗೆ ಕರೆದುಕೊಂಡು ಬಂದೆವು. ಸೊರಗಿದ್ದ. ಉಪ್ಪಿಲ್ಲದ ಸಾರಿಗೆ ಮುಖ ಸಿಂಡರಿಸುತ್ತಿದ್ದ. ವೈನಿ ಅಡುಗೆಮನೆಯಲ್ಲಿ ನನ್ನನ್ನು ಕಂಡಾಗಲೆಲ್ಲ ಏನೋ ಹೇಳಲು ಬಾಯಿ ತೆರೆದು ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ಕೊನೆಗೆ, "ಆವತ್ತ ನಾ ಏನೇನೋ ಅಂದೆ" ಎಂದಳು. "ನನಗ ದಿನಾ ಅಂತಾರ ಬಿಡ್ರಿ" ಎಂದೆ. ಇಬ್ಬರೂ ನಕ್ಕೆವು.

ಮರುದಿನ ಮಧ್ಯಾಹ್ನ ಅಣ್ಣ ತಾನೇ ಕೇಳಿದ. "ಎಲ್ಲೈತಿ ನಿನ್ನ ಕಂಟ್ರೋಲ್ ರೂಮು? ನೋಡೂನು ತಗಿ."

ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಂಡಿ ತೆರೆದೆ. ಅವನು ಕನ್ನಡಕ ಹಾಕಿಕೊಂಡು ಮೊದಲು ನಮ್ಮ ತೋಟ ಹುಡುಕಿದ. "ನಮ್ಮನಿನೇ ಇಲ್ಲಲಾ" ಎಂದ. ಇಲ್ಲ ಎಂದೆ. ಬೆರಳಿನಿಂದ ಖಾಲಿ ಜಾಗದ ಮೇಲೆ ಎರಡು ಗೆರೆ ಎಳೆದ. ಕೆನಾಲ್ ದಂಡೆ, ಹಳೇ ಹಾದಿ. ಗಾಜಿನ ಮೇಲೆ ಬೆರಳಿನ ಗುರುತು ಉಳಿಯಿತು.

ಆಟ ಶುರುವಾಯಿತು. ಒಂದು ಸಣ್ಣ ಕಳ್ಳತನ, ಒಂದು ಬೈಕು ಬಿದ್ದದ್ದು. ಅವನು ಕೈ ಕಟ್ಟಿಕೊಂಡು ನೋಡಿದ. ಆಮೇಲೆ ಲಚ್ಯಾಣದ ಆಚೆ, ರಸ್ತೆಯ ಗೆರೆ ಮುಗಿಯುವ ಕಡೆ, ಒಂದು ಕೆಂಪು ಚುಕ್ಕಿ ಬಿತ್ತು. ಗಂಡಸಿನ ದನಿ, ಇಂಗ್ಲಿಷು, ಗಾಬರಿ.

"ಏನಂತಾನ?" ಎಂದು ಕೇಳಿದ ಅಣ್ಣ.

ಬೇರೆ ಏನಾದರೂ ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದೆ. "ಅವರಪ್ಪಗ ಎದಿ ಹಿಡದೈತಂತ."

ಅಣ್ಣ ಮೌಸಿನ ಕಡೆ ಕೈ ನೀಡಿದ. ಎಲ್ಲಿ ಒತ್ತಬೇಕೆಂದು ತೋರಿಸಿದೆ. ಇಂಡಿಯಿಂದ ನೀಲಿ ಚೌಕ ಹೊರಟಿತು. ಬಸ್ ಸ್ಟ್ಯಾಂಡು ದಾಟಿತು, ರೈಲಿನ ಹಳಿ ದಾಟಿತು. ಅವನು ಕುರ್ಚಿಯ ಅಂಚಿಗೆ ಬಂದು ಕೂತಿದ್ದ.

"ಇವರಿಗೆ ಹೇಳೂದು ಎಲ್ಲಿ?"

"ಯಾರಿಗೆ?"

"ಮನಿಯವರಿಗೆ."

"ಅದಕ್ಕ ಬಟನ್ ಇಲ್ಲ ಅಣ್ಣ. ಆಟದಾಗ ಅವರು ಎಲ್ಲೂ ಹೋಗೂದಿಲ್ಲ."

ಅವನು ನನ್ನ ಮಾತು ನಂಬಲಿಲ್ಲ. ಪರದೆಯ ಹತ್ತಿರ ಬಾಗಿ ಆ ಕೆಂಪು ಚುಕ್ಕಿಯ ಮೇಲೆ ಬೆರಳು ಒತ್ತಿ ಹಿಡಿದ. "ಹೊಂಡಬ್ಯಾಡ್ರಿ" ಎಂದ, ಮೆಲ್ಲಗೆ, ಒಳಗೆ ಮಲಗಿದವರಿಗೆ ಎಚ್ಚರವಾಗದ ಹಾಗೆ. "ಅಲ್ಲೇ ಇರ್ರಿ. ಬರಾಕತ್ತೈತಿ." ನಾನು ಅವನ ಬೆನ್ನಿನ ಮೇಲೆ ಕೈ ಇಟ್ಟೆ. ಗಾಡಿ ಮುಟ್ಟುವ ತನಕ ಅವನು ಬೆರಳು ತೆಗೆಯಲಿಲ್ಲ.